ಮೇಲಿನ ಮೆಟ್ಟಿಲಲ್ಲಿ ಗೀಜಗನ ಗೂಡು

ನನ್ನ ಅಕ್ಕ ಅನಸೂಯಳ ಗೊಂಬೆ ಮೇಜಿನ ಮೇಲೆ ಗೊಂಬೆಗಳೇ ಇರಲಿಲ್ಲ.

ಮೇಜು ಎಂದರೆ ನಿಜವಾದ ಮೇಜು. ಕೊಳ್ಳೇಗಾಲ ಇನ್ನೂ ಮದ್ರಾಸಿಗೆ ಸೇರಿದ್ದ ಕಾಲದಲ್ಲಿ ಯಾವುದೋ ಕಚೇರಿಯ ಹರಾಜಿನಲ್ಲಿ ಅಪ್ಪ ತಂದದ್ದು. ಒಂದು ಕಾಲು ಗಿಡ್ಡ, ಅದರ ಕೆಳಗೆ ಮರದ ತುಂಡೊಂದನ್ನು ಕೊಟ್ಟಿದ್ದರು. ನವರಾತ್ರಿ ಬಂತೆಂದರೆ ಅಕ್ಕ ಅದನ್ನು ಮಗ್ಗದ ಮನೆಯಿಂದ ನಡುಮನೆಗೆ ಎಳೆತಂದು, ಇಟ್ಟಿಗೆಗಳ ಮೇಲೆ ಹಲಗೆ ಹಾಸಿ ಮೂರು ಮೆಟ್ಟಿಲು ಮಾಡುತ್ತಿದ್ದಳು. ಕೆಳಗಿನ ಮೆಟ್ಟಿಲಿಗೆ ತೆಂಗಿನ ಚಿಪ್ಪುಗಳಲ್ಲಿ ಮೊಳೆಸಿದ ರಾಗಿ ಪೈರು. ನಡುವಿನದಕ್ಕೆ ಒಂದು ಊರು. ಚಿಟ್ಟೆ ತೂತು ಕೊರೆದು ಹೊರಬಿದ್ದ ರೇಷ್ಮೆಗೂಡುಗಳು ಅಲ್ಲಿ ಕುರಿಮಂದೆ. ನೂಲು ಬಿಚ್ಚಿ ಉಳಿದ ರೇಷ್ಮೆಯ ಸಿಕ್ಕು ಹೊಳೆ, ಮಗ್ಗದ ಮುರಿದ ಲಾಳಿ ಅದರಲ್ಲಿ ದೋಣಿ. ಹುಣಿಸೆ ತೊಗಟೆಯ ಬೆಟ್ಟಕ್ಕೆ, ಬಿಳಿಗಿರಿರಂಗನ ಬೆಟ್ಟದಿಂದ ಜೇನು ಮಾರಲು ಬರುವ ಸೋಲಿಗರ ಅಜ್ಜಿ ತಂದುಕೊಟ್ಟ ಪಾಚಿ. ದಾರಿಯ ಎರಡೂ ಬದಿಗೆ ಬೇಲಿಯಲ್ಲಿ ಕಿತ್ತ ಅಣ್ಣೆ ಹೂ, ತಂಗಡಿ ಹೂ. ಒಂದು ಬಿಲ್ಲೆಯನ್ನೂ ಖರ್ಚು ಮಾಡದ ಊರು ಅದು. ಅಲ್ಲಿ ಮನುಷ್ಯರು ಮಾತ್ರ ಇರಲಿಲ್ಲ.

ಮೇಲಿನ ಮೆಟ್ಟಿಲಲ್ಲಿ ಗೀಜಗನ ಗೂಡು ಇಡುತ್ತಿದ್ದಳು. ಹನೂರಿನ ರಸ್ತೆಯ ಬಾವಿಗಳ ಮೇಲೆ ಬಾಗಿದ ಮರಗಳಲ್ಲಿ ಗೀಜಗಗಳು ನೇಯ್ದು, ಅರ್ಧಕ್ಕೇ ಬಿಟ್ಟು, ಗಾಳಿಗೆ ಉದುರಿದ ಗೂಡು. ಕೈಗೆ ತೆಗೆದುಕೊಂಡರೆ ಮೊದಲು ಒಳಗೆ ಇಣುಕಿ ನೋಡುವುದು ಅವಳ ಅಭ್ಯಾಸ.

"ಕೂಲಿ ಕೇಳ್ದೆ ಇಷ್ಟೊಂದು ನೇದದಲ್ಲ, ನಮ್ ಜಾತಿದೇ ಇರ್ಬೇಕು," ಎಂದು ನಗುತ್ತಿದ್ದಳು.

ಆ ಜಾಗ ಗೂಡಿನದಲ್ಲ. ಪಟ್ಟದ ಗೊಂಬೆಗಳದು. ಮದುವೆಯಲ್ಲಿ ಹೆಣ್ಣಿನ ಜೊತೆ ತವರಿನವರು ಕಳಿಸುವ ಗಂಡು ಹೆಣ್ಣು ಮರದ ಜೋಡಿ. ಅಕ್ಕನ ಜೋಡಿ ಯಳಂದೂರಿನಲ್ಲಿ, ಅವಳ ಗಂಡ ನಂಜಯ್ಯನ ಮನೆಯಲ್ಲಿತ್ತು. ಏಳು ವರ್ಷ ಬಾಳ್ವೆ ಮಾಡಿ, ಮಕ್ಕಳಾಗದೆ, ಒಂದು ಗೌರಿ ಹಬ್ಬಕ್ಕೆಂದು ತವರಿಗೆ ಬಂದವಳನ್ನು ಕರೆದುಕೊಂಡು ಹೋಗಲು ಯಾರೂ ಬರಲಿಲ್ಲ. ಹಬ್ಬ ಮುಗಿಯಿತು, ವರ್ಷ ಮುಗಿಯಿತು, ಮೂರು ವರ್ಷವಾಯಿತು. ನಾನು ಆಗ ಮೈಸೂರಿನ ಹಾಸ್ಟೆಲಿನಲ್ಲಿ ಬಿ.ಎ. ಓದುತ್ತಿದ್ದೆ, ಎಂದರೆ ಫೇಲಾಗುತ್ತಿದ್ದೆ. ಮನೆಯಲ್ಲಿ ಏನು ನಡೆಯಿತೆಂದು ಯಾರೂ ಬರೆಯಲಿಲ್ಲ, ನಾನೂ ಕೇಳಲಿಲ್ಲ.

ಪ್ರತಿ ದಸರೆಯಲ್ಲೂ ಅರಿಸಿನ ಕುಂಕುಮಕ್ಕೆ ಬಂದ ನೇಕಾರರ ಬೀದಿಯ ಹೆಂಗಸರು ಕೇಳುತ್ತಿದ್ದರು:

"ಎಲ್ಲವ್ವ ಅನ್ಸೂಯಾ, ಪಟ್ಟದ ಗೊಂಬೆ?"

"ಎಲ್ಲಿದ್ದವು? ನಮ್ಮನೇಲಿ ಕುಂತವೆ, ಯಳಂದೂರಲ್ಲಿ," ಎನ್ನುತ್ತಿದ್ದಳು ಅಕ್ಕ.

ಹಾಗೆ ಹೇಳುವಾಗ ಅವಳ ಕತ್ತು ಸ್ವಲ್ಪ ಎತ್ತಿರುತ್ತಿತ್ತು. ಅದು ಮರ್ಯಾದೆ ಉಳಿಸಿಕೊಳ್ಳುವ ಹಟ ಎಂದು ನಾನು ತಿಳಿದಿದ್ದೆ. ನನಗೆ ನಾಚಿಕೆಯಾಗುತ್ತಿತ್ತು.

ಅರವತ್ತನಾಲ್ಕನೆಯ ಇಸವಿಯ ದಸರೆಗೆ ಊರಿನ ಮಹಿಳಾ ಸಮಾಜದವರು ಗೊಂಬೆ ಸ್ಪರ್ಧೆ ಇಟ್ಟರು. ನಾನು ಅಷ್ಟರಲ್ಲಿ ಓದು ಬಿಟ್ಟು, ಊರಿಗೆ ಬಂದು, ಒಂದು ಕಚೇರಿಯಲ್ಲಿ ಹಂಗಾಮಿ ಗುಮಾಸ್ತನಾಗಿದ್ದೆ. ಸ್ಪರ್ಧೆಗೆ ಅಕ್ಕನ ಹೆಸರು ಕೊಟ್ಟವನು ನಾನೇ. ತೂತು ಬಿದ್ದ ಗೂಡಿನಿಂದ, ಮುರಿದ ಲಾಳಿಯಿಂದ ಒಂದು ಊರನ್ನು ಕಟ್ಟಬಲ್ಲವಳು ನಮ್ಮ ಬೀದಿಯಲ್ಲಿ, ಬಹುಶಃ ಜಿಲ್ಲೆಯಲ್ಲೇ, ಇನ್ನೊಬ್ಬಳಿಲ್ಲ ಎಂದು ನನಗೆ ಗೊತ್ತಿತ್ತು. ಅದು ಊರಿಗೂ ಗೊತ್ತಾಗಲಿ ಎಂಬ ಆಸೆ. ಮಕ್ಕಳಿಲ್ಲದವಳು, ಗಂಡ ಬಿಟ್ಟವಳು ಎನ್ನುವವರ ಬಾಯಿಗೆ ಬೇರೆ ಮಾತು ಸಿಗಲಿ ಎಂದು.

ಸಮಾಜದ ಕಾರ್ಯದರ್ಶಿ ಶಿವರತ್ನಮ್ಮನವರು, ದೊಡ್ಡ ವರ್ತಕರ ಹೆಂಡತಿ, ಹೆಸರು ಬರೆದುಕೊಳ್ಳುವಾಗ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ಹೋದ ವರ್ಷ ನಾನೇ ನೋಡಿದ್ದೆನಪ್ಪ ನಿಮ್ಮಕ್ಕನ ಮೇಜು. ಚೆನ್ನಾಗಿತ್ತು. ಆದರೆ ಪಟ್ಟದ ಗೊಂಬೆ ಇಲ್ಲದ ಮೇಲೆ ಅದನ್ನ ಗೊಂಬೆ ಕೂರಿಸಿದ್ದು ಅಂತ ಹೆಂಗೆ ಬರ್ಕೊಳ್ಳಲಿ? ಹುಲ್ಲು ಕಡ್ಡಿ ಜೋಡಿಸಿದ್ದು ಅಂತ ಬರೀಲಾ?"

ಪಕ್ಕದಲ್ಲಿದ್ದ ಹೆಂಗಸರು ನಕ್ಕರು. "ಪಟ್ಟದ ಗೊಂಬೆ ಇರ್ತವೆ, ಬರ್ಕೊಳ್ಳಿ," ಎಂದೆ.

ಎರಡು ಮರದ ತುಂಡುಗಳ ವಿಷಯ. ಹದಿನೈದು ಮೈಲಿಯೂ ಇಲ್ಲದ ದಾರಿ. ಅಕ್ಕನಿಗೂ ಹೇಳಲಿಲ್ಲ, ಅವ್ವನಿಗೂ ಹೇಳಲಿಲ್ಲ. ಹೇಳಿದರೆ ಬೇಡ ಎನ್ನುತ್ತಾರೆ, ಅತ್ತು ರಂಪ ಮಾಡುತ್ತಾರೆ, ತಂದು ಎದುರಿಗಿಟ್ಟರೆ ಸುಮ್ಮನಾಗುತ್ತಾರೆ ಎಂದು ಲೆಕ್ಕ ಹಾಕಿದ್ದೆ. ಆಗ ಪಿತೃಪಕ್ಷ, ನವರಾತ್ರಿಗೆ ಇನ್ನೂ ನಾಲ್ಕು ದಿನವಿತ್ತು. ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿದೆ.

ಬಾವನ ಮನೆಯಲ್ಲಿ ಎರಡು ಮಗ್ಗ. ಬಾವ ಒಂದರಲ್ಲಿ ಕೂತು ನೇಯುತ್ತಿದ್ದರು. ನನ್ನನ್ನು ನೋಡಿ ತಲೆ ಆಡಿಸಿದರು, ಏಳಲಿಲ್ಲ. ಅಕ್ಕನ ಅತ್ತೆ ರಂಗಮ್ಮ ಮಾತ್ರ ನೀರಿನ ಚೊಂಬು ಹಿಡಿದು ಓಡಿಬಂದರು.

"ಬಾ ಕಂದಾ, ಬಾ. ಎಷ್ಟೆತ್ತರ ಬೆಳ್ದ್ಬುಟ್ಟೆ! ನಿಮ್ಮವ್ವ ಚೆಂದಾಗವ್ಳಾ? ಕುಂತ್ಕೊ, ಉಪ್ಪಿಟ್ಟು ತಿನ್ನು."

ಉಪ್ಪಿಟ್ಟು ತಿಂದೆ. ಮೂರು ವರ್ಷ ಸೊಸೆಯನ್ನು ಕರೆಸಿಕೊಳ್ಳದ ಮುದುಕಿ ಇಷ್ಟು ಪ್ರೀತಿಯಿಂದ ಬಡಿಸುವುದನ್ನು ಕಂಡು ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. ಕಾಫಿ ಕುಡಿದು, ಬಂದ ವಿಷಯ ಹೇಳಿದೆ. ಅಕ್ಕನ ಪಟ್ಟದ ಗೊಂಬೆ ಬೇಕಾಗಿತ್ತು.

ಮಗ್ಗದ ಸದ್ದು ನಿಂತಿತು.

ರಂಗಮ್ಮ ನನ್ನ ಎದುರಿಗೆ ಕುಕ್ಕರುಗಾಲಿನಲ್ಲಿ ಕೂತರು. "ಅವ್ಳೇ ಕಳ್ಸುದ್ಲಾ?"

ಇಲ್ಲ ಎಂದರೆ ಸ್ಪರ್ಧೆ, ಮಹಿಳಾ ಸಮಾಜ, ಶಿವರತ್ನಮ್ಮ ಎಲ್ಲವನ್ನೂ ವಿವರಿಸಬೇಕು. "ಊಂ. ಅಕ್ಕನೇ ತಕಂಡ್ಬಾ ಅಂದ್ಲು," ಎಂದೆ.

"ನಿಮ್ಮವ್ವ?"

"ಅವ್ವನೂವೆ."

ಮುದುಕಿಯ ಕಣ್ಣಲ್ಲಿ ನೀರು ಬಂತು. ಅದು ಪಶ್ಚಾತ್ತಾಪ ಎಂದುಕೊಂಡೆ. "ಒಳ್ಳೇದಾಯ್ತು ಕಂದಾ. ಇರು, ಬರಿಗೈಲಿ ಕಳ್ಸಕಾಯ್ತದಾ? ಒಸಿ ಕುಂತಿರು," ಎಂದು ಪಕ್ಕದ ಮನೆಯ ಹುಡುಗಿಯನ್ನು ಎಲ್ಲಿಗೋ ಓಡಿಸಿದರು.

ಸ್ವಲ್ಪ ಹೊತ್ತಿಗೆ ಕುಲದ ಯಜಮಾನ ಗುರುಸಿದ್ದಯ್ಯ ಬಂದರು. ಜೊತೆಗೆ ಇನ್ನಿಬ್ಬರು ಮುದುಕರು. ಜಮಖಾನೆ ಹಾಸಿದರು. ಮಳೆಯ ಮಾತು, ನೂಲಿನ ಮಾತು, ಮೈಸೂರಿನಲ್ಲಿ ನಾನು ಓದಿದ್ದರ ಮಾತು. ಎರಡು ಗೊಂಬೆ ಕೊಡುವುದಕ್ಕೆ ಮೂವರು ಮುದುಕರೇ, ಈ ಜನ ಯಾವುದನ್ನು ತಾನೇ ಪೂಜೆ ಮಾಡದೆ ಬಿಡುತ್ತಾರೆ ಎಂದು ಮನಸ್ಸಿನಲ್ಲೇ ನಕ್ಕೆ. ಬಸ್ಸಿಗೆ ಹೊತ್ತಾಗುತ್ತಿತ್ತು.

"ನಿಮ್ಮಪ್ಪ ತೀರೋಗವ್ರೆ. ಈಗ ಆ ಮನೆಗೆ ನೀನೇ ಗಂಡುದಿಕ್ಕು, ಅಲ್ವೇನಪ್ಪಾ?" ಗುರುಸಿದ್ದಯ್ಯ ಕೇಳಿದರು.

"ಊಂ, ನಾನೇ."

"ಯಾರ ಬಲವಂತಾನೂ ಇಲ್ಲ, ಮನಸಾರೆ ತಕಂಡೋಯ್ತಿದ್ದೀಯೆ?"

"ಊಂ ಕಣ್ರಿ ಯಜಮಾನ್ರೆ."

ಹಿತ್ತಾಳೆ ತಟ್ಟೆಯಲ್ಲಿ ಗೊಂಬೆಗಳು ಬಂದವು. ಕೆಂಪು ಮರ, ಮೂಗು ಸವೆದಿತ್ತು, ಉಡಿಸಿದ್ದ ರೇಷ್ಮೆ ತುಂಡು ನಮ್ಮಪ್ಪ ನೇಯ್ದದ್ದು. ಅವುಗಳ ಮುಂದೆ ವೀಳ್ಯದೆಲೆ, ಅಡಿಕೆ. ಗುರುಸಿದ್ದಯ್ಯ ತಟ್ಟೆಯನ್ನು ನನ್ನ ಕೈಗೆ ಕೊಟ್ಟು, ಎರಡು ಎಲೆಗೆ ತಾವೇ ಸುಣ್ಣ ಸವರಿ ಮಡಚಿದರು.

"ತಕೊ, ಬಾಯ್ಗಾಕೊ."

ಹಾಕಿಕೊಂಡೆ. ಎಲ್ಲರೂ ನಾನು ಜಗಿಯುವುದನ್ನೇ ನೋಡುತ್ತಿದ್ದರು. ರಂಗಮ್ಮ ಉಸಿರು ಬಿಟ್ಟರು.

ಬಾಗಿಲು ದಾಟುವಾಗ ಬಾವ ಮಗ್ಗದಿಂದಲೇ ಕೇಳಿದರು: "ಅನ್ಸೂಯ ಚೆಂದಾಗವ್ಳಾ?"

"ಚೆಂದಾಗವ್ಳೆ ಬಾವಾ."

ಅವರು ಕಡಿದ ಎಳೆಯೊಂದನ್ನು ಗಂಟು ಹಾಕಿದರು. ಆಮೇಲೆ ಲಾಳಿ ಎಸೆದರು. ಬೀದಿಯ ತಿರುವಿನವರೆಗೂ ಆ ಸದ್ದು ಕೇಳುತ್ತಿತ್ತು.

ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಅಕ್ಕ ನಡುಮನೆಯಲ್ಲಿ ಇಟ್ಟಿಗೆಗಳ ಮೇಲೆ ಹಲಗೆ ಇಟ್ಟು, ಕೆಳಗೆ ಕೂತು, ಮಟ್ಟ ಸರಿಯಿದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದಳು. ನಾನು ಚೀಲದಿಂದ ಗೊಂಬೆಗಳನ್ನು ತೆಗೆದು, ಒಂದು ಮಾತೂ ಆಡದೆ, ಮೇಲಿನ ಮೆಟ್ಟಿಲಲ್ಲಿ ನಿಲ್ಲಿಸಿ ಹಿಂದೆ ಸರಿದೆ. ಅವಳು ಬೆರಗಾಗುವುದನ್ನು ನೋಡಲು.

ಅಕ್ಕ ಗೊಂಬೆಗಳನ್ನು ನೋಡಲೇ ಇಲ್ಲ. ನನ್ನ ತುಟಿ ನೋಡಿದಳು.

"ಬಾಯ್ ತೆಗಿ," ಎಂದಳು.

"ಯಾಕಕ್ಕ?"

"ತೆಗಿಯೋ."

ತೆರೆದೆ. ಮಣ್ಣು ತಿಂದ ಮಗುವಿನ ಬಾಯಿ ನೋಡುವಂತೆ ಗದ್ದ ಹಿಡಿದು ನೋಡಿದಳು. ನಾಲಗೆ ಕೆಂಪಗಿದ್ದಿರಬೇಕು.

"ಎಲೆ ಈಸ್ಕಂಡ್ಯಾ? ಯಾರು ಕೊಟ್ರು? ಗುರುಸಿದ್ದಯ್ನೋರು ಬಂದಿದ್ರಾ?"

"ಬಂದಿದ್ರು. ಇನ್ನಿಬ್ರೂ ಇದ್ರು. ಮರ್ಯಾದೆ ಮಾಡಿ ಕಳಿಸಿದ್ರಪ್ಪ..."

ಅವಳು ನನ್ನ ಗದ್ದ ಬಿಟ್ಟಳು. ಒಳಗಿನಿಂದ ಬಂದ ಅವ್ವ ಗೊಂಬೆಗಳನ್ನು ಕಂಡು ಬೀದಿ ಬಾಗಿಲು ಹಾಕಿದಳು.

ಮೂರು ವರ್ಷದ ಕಥೆ ಆಗ ನನಗೆ ಗೊತ್ತಾಯಿತು. ಬಾವನಿಗೆ ಎರಡನೆಯ ಹೆಣ್ಣು ನೋಡಿ ಆಗಲೇ ಎರಡು ವರ್ಷವಾಗಿತ್ತಂತೆ. ಮೊದಲ ಹೆಂಡತಿಯ ಗೊಂಬೆ ಮನೆಯಲ್ಲಿ ಕೂತಿರುವವರೆಗೆ ಅವಳು ಆ ಮನೆಯ ಸೊಸೆ, ಆ ಜೋಡಿಯನ್ನು ತವರಿನ ಗಂಡಸು ಎಲೆ ಅಡಿಕೆ ತೆಗೆದುಕೊಂಡು ವಾಪಸು ಒಯ್ಯದ ಹೊರತು ಬೇರೆ ಹೆಣ್ಣಿಗೆ ಒಪ್ಪಿಗೆ ಕೊಡುವುದಿಲ್ಲ ಎಂದು ಗುರುಸಿದ್ದಯ್ಯ ಪಟ್ಟು ಹಿಡಿದಿದ್ದರಂತೆ. ಎರಡು ಸಲ ರಂಗಮ್ಮನೇ ಗೊಂಬೆಗಳನ್ನು ಹೊತ್ತು ತಂದಿದ್ದಳಂತೆ. ಎರಡು ಸಲವೂ ಅವ್ವ ಬಾಗಿಲು ಹಾಕಿಕೊಂಡಳಂತೆ. ಬಾವ ಮೆತ್ತಗಿನ ಮನುಷ್ಯ, ಇನ್ನೊಂದೆರಡು ವರ್ಷಕ್ಕೆ ಮುದುಕಿ ಸೋಲುತ್ತಾಳೆ, ಆಗ ಅವರೇ ಬಂದು ಕರೆದೊಯ್ಯುತ್ತಾರೆ ಎಂದು ಅಕ್ಕ ಕಾಯುತ್ತಿದ್ದಳು. ದಸರೆಯಲ್ಲಿ ಅವಳು ಗೀಜಗನ ಗೂಡು ಇಟ್ಟು ಗೊಂಬೆಯಿಲ್ಲದೆ ಉಳಿಸುತ್ತಿದ್ದ ಜಾಗ ಹಟದ್ದಲ್ಲ. ಅದು ಅವಳ ಹಕ್ಕಿನ ಜಾಗ.

"ನಂಗ್ಯಾಕೆ ಹೇಳ್ಲಿಲ್ಲ?" ಎಂದೆ.

"ನೀನ್ಯಾವತ್ಲಾ ಕೇಳ್ದೆ?" ಎಂದಳು ಅವ್ವ. "ಪಕ್ಸದಲ್ಲಿ ಯಾರಾದ್ರೂ ಎಲೆ ಅಡಿಕೆ ಕೊಟ್ಟು ಕಳಿಸ್ತಾರೇನ್ಲಾ? ಸಾವಿನ ದಿನ್ದಲ್ಲಿ ಯಾಕೆ ಕೊಡ್ತಾರೆ ಅಂತ ಅಷ್ಟೂ ತಿಳೀಲಿಲ್ವಾ? ಅಷ್ಟೊಂದು ಪುಸ್ತಕ ಓದ್ತೀಯಲ್ಲ, ಒಂದ್ರಲ್ಲೂ ಬರ್ದಿಲ್ವಾ?"

"ಕಾನೂನು ಬಂದದೆ ಅವ್ವ. ಹೆಂಡ್ತಿ ಇರೋವಾಗ ಇನ್ನೊಂದು ಮದ್ವೆ ಆಗೋ ಹಂಗಿಲ್ಲ. ಕೋರ್ಟಿಗೆ..."

"ಆ ಕಾನೂನ ಬಾಯ್ಗಾಕ್ಕಂಡು ಬರ್ಬೇಕಾಗಿತ್ತು, ಎಲೆ ಬದ್ಲು."

ಅಕ್ಕ ಅಳಲಿಲ್ಲ. ಎರಡೇ ಎರಡು ಪ್ರಶ್ನೆ ಕೇಳಿದಳು. "ನಾನೇ ಕಳ್ಸುದೆ ಅಂದ್ಯಾ?"

ಹೌದೆಂದು ತಲೆ ಆಡಿಸಿದೆ.

"ಅವ್ರು ಕೇಳುಸ್ಕಂಡ್ರಾ?"

ಯಾರೆಂದು ಕೇಳಬೇಕಾಗಿರಲಿಲ್ಲ. "ಊಂ. ಮಗ್ಗದಲ್ಲೇ ಕುಂತಿದ್ರು," ಎಂದೆ.

ಮಾರನೆಯ ದಿನ ಕಚೇರಿಗೆ ರಜೆ ಹಾಕಿ, ಗೊಂಬೆಗಳನ್ನು ಚೀಲದಲ್ಲಿಟ್ಟುಕೊಂಡು ಮೊದಲ ಬಸ್ಸಿಗೆ ಹೋದೆ. ರಂಗಮ್ಮ ಬಾಗಿಲು ತೆರೆಯಲಿಲ್ಲ. ಒಳಗೆ ಒಂದೇ ಮಗ್ಗ ಆಡುವ ಸದ್ದು ಕೇಳುತ್ತಿತ್ತು. ಗುರುಸಿದ್ದಯ್ಯನವರ ಮನೆಗೆ ಹೋಗಿ, ಸುಳ್ಳು ಹೇಳಿದ್ದೆ, ಅಕ್ಕ ಕಳಿಸಿರಲಿಲ್ಲ ಎಂದೆ. ಅವರು ಕೋಪಿಸಿಕೊಳ್ಳಲಿಲ್ಲ. ಅದಕ್ಕೇ ನನಗೆ ಹೆಚ್ಚು ಭಯವಾಯಿತು.

"ಮೂರು ಜನದ ಮುಂದೆ ಕೇಳ್ದೆ ಕಣಪ್ಪ. ಮನಸಾರೆ ಅಂದೆ. ಎಲೆ ಅಂಗೇ ಮಡಿಲಲ್ಲಿ ಮಡಿಕಂಡಿದ್ರೆ, ತಕಂಡ್ಬಂದು ವಾಪಸ್ ಮಡಗು ಅನ್ನಬೋದಾಗಿತ್ತು. ಜಗಿದು ಉಗಿದಾಯ್ತಲ್ಲ. ಈಗ ನಾನೇನು ಮಾಡ್ಲಿ, ನೀನೇ ಹೇಳು?"

ಎಲ್ಲಿ ಉಗಿದೆ ಎಂದು ಬಸ್ಸಿನಲ್ಲಿ ಬರುವಾಗ ನೆನಪಿಸಿಕೊಳ್ಳಲು ನೋಡಿದೆ. ಹೊಳೆ ದಾಟಿದ ಮೇಲೆ, ಕಿಟಕಿಯಿಂದ ಹೊರಗೆ, ಎಲ್ಲೋ.

ಸ್ಪರ್ಧೆಯಿಂದ ಹೆಸರು ತೆಗೆಸಿಬಿಡುತ್ತೇನೆ ಎಂದೆ. ಅಕ್ಕ ಬೇಡ ಎಂದಳು. "ಬರ್ಲಿ. ಬಂದೋರಿಗೆ ಎಲ್ಲಾ ಕಾಣ್ಲಿ. ಬಂದ ಮ್ಯಾಲೆ ಈ ಗೊಂಬೆಗಳ್ನ ಪೆಟ್ಟಿಗೇಲಿ ಮಡಗಕಾಗ್ತದಾ?" ರಾಗಿ ಪೈರು ಇಟ್ಟಳು, ಕುರಿಮಂದೆ ಇಟ್ಟಳು, ಬೆಟ್ಟ ಕಟ್ಟಿದಳು. ಆ ವರ್ಷದ ಊರು ಹಿಂದಿನ ಎಲ್ಲ ವರ್ಷಗಳಿಗಿಂತ ಚೆನ್ನಾಗಿತ್ತು ಎಂದು ಹೇಳಲು ನನಗೆ ಸಂಕಟವಾಗುತ್ತದೆ, ಆದರೆ ನಿಜ. ಹೊಳೆಯ ಪಕ್ಕದಲ್ಲಿ ಹರಳು ಬೀಜದ ದನಗಳು ನೀರಿಗೆ ಇಳಿಯುತ್ತಿದ್ದವು. ಮೇಲಿನ ಮೆಟ್ಟಿಲಲ್ಲಿ ಮೂಗು ಸವೆದ ಗಂಡ ಹೆಂಡತಿ ನಿಂತಿದ್ದರು. ಅದಕ್ಕೆಂದೇ ತಂದಿಟ್ಟಿದ್ದ ಗೀಜಗನ ಗೂಡು ಮೇಜಿನ ಕೆಳಗೆ ಬಿದ್ದಿತ್ತು.

ಸರಸ್ವತಿ ಪೂಜೆಯ ದಿನ ತೀರ್ಪುಗಾರರು ಬಂದರು. ಶಿವರತ್ನಮ್ಮನವರ ಜೊತೆ ತಹಸೀಲ್ದಾರರ ಹೆಂಡತಿ, ಬೆಂಗಳೂರಿನ ಕಡೆಯ ಹೆಂಗಸು. ಅದೇ ಬೀದಿಯ ನಾಲ್ಕು ಮನೆಗಳಲ್ಲಿ ಅಂಗಡಿಯ ಗೊಂಬೆಗಳನ್ನು ನೋಡಿ ಬೇಸತ್ತು ಬಂದವರು, ನಮ್ಮ ಮೇಜಿನ ಎದುರಿಗೆ ಬಗ್ಗಿ ಕೂತೇಬಿಟ್ಟರು.

"ಇದು ರೇಷ್ಮೆಗೂಡಾ? ಕುರಿ ಮಾಡಿದೀರಾ? ಅಯ್ಯೋ, ನೋಡ್ರೀ ಶಿವರತ್ನಮ್ಮ, ಬಾಲ ಕೂಡ ಇದೆ!"

ಅಕ್ಕ ಗೋಡೆಗೆ ಒರಗಿ ನಿಂತಿದ್ದಳು. ತಹಸೀಲ್ದಾರರ ಹೆಂಡತಿಯ ಕಣ್ಣು ಮೆಟ್ಟಿಲು ಹತ್ತುತ್ತಾ ಮೇಲಕ್ಕೆ ಹೋಯಿತು, ನಿಂತಿತು.

"ಎಲ್ಲಾ ಹೊಲದಲ್ಲಿ, ಬೇಲೀಲಿ ಸಿಕ್ಕಿದ್ದೇ ಇಟ್ಟಿದೀರಿ. ಈ ಎರಡು ಗೊಂಬೆ ಯಾಕೆ ಇಟ್ರಿ? ಇವಿಲ್ಲದಿದ್ರೆ ಇದು ಒಂದು ಬೇರೇನೇ ಆಗ್ತಿತ್ತು." ಅಷ್ಟರಲ್ಲಿ ಮೇಜಿನ ಕೆಳಗಿದ್ದ ಗೂಡು ಕಣ್ಣಿಗೆ ಬಿತ್ತು. "ಇದು ಗೀಜಗನ ಗೂಡಲ್ವಾ? ಇದನ್ನ ಮೇಲಿಡಬೇಕಾಗಿತ್ತು ಕಣ್ರೀ. ಯಾರು ಹೇಳಿದ್ರು ನಿಮಗೆ ಪಟ್ಟದ ಗೊಂಬೆ ಇರಲೇಬೇಕು ಅಂತ?"

ಶಿವರತ್ನಮ್ಮನವರು ಸೆರಗು ಸರಿಮಾಡಿಕೊಂಡರು. ಅಕ್ಕ ನನ್ನತ್ತ ನೋಡಲಿಲ್ಲ.

"ಯಾರೂ ಏಳ್ಲಿಲ್ಲ ಕಣಮ್ಮ," ಎಂದಳು. "ಅವೇ ಬಂದ್ವು."

ಎರಡನೆಯ ಬಹುಮಾನ ಬಂತು. ಒಂದು ಕುಂಕುಮದ ಭರಣಿ.

ವಿಜಯದಶಮಿಯ ಸಂಜೆ ಪಟ್ಟದ ಗೊಂಬೆಗಳಲ್ಲಿ ಒಂದನ್ನು ಮಲಗಿಸಿ ಹಬ್ಬ ಮುಗಿಸುವುದು ಪದ್ಧತಿ. ಮನೆಯ ಮುತ್ತೈದೆ ಮಾಡುವ ಕೆಲಸ. ಅವ್ವ ವಿಧವೆ. ಅಕ್ಕ ಆರತಿ ತಟ್ಟೆಯನ್ನು ಕೆಳಗಿಟ್ಟು ಕೈ ಕಟ್ಟಿಕೊಂಡಳು.

"ನಾನು ಮುಟ್ಟಕಿಲ್ಲ. ತಂದೋನು ನೀನು, ನೀನೇ ಮಲಗ್ಸು."

"ಯಾವ್ದನ್ನಕ್ಕ?"

"ನಿಂಗೇ ಗೊತ್ತಿರ್ತದಲ್ಲ."

ನನಗೆ ಗೊತ್ತಿರಲಿಲ್ಲ. ಕೈಗೆ ಸಿಕ್ಕಿದ್ದನ್ನು ಮಲಗಿಸಿದೆ. ಅದು ಹೆಣ್ಣುಗೊಂಬೆ. ಅವ್ವ ಒಳಗೆ ಹೋದಳು.

ಕಾರ್ತೀಕದಲ್ಲಿ ಬಾವನ ಮದುವೆಯಾಯಿತು. ಹೆಣ್ಣು ಹನೂರಿನ ಕಡೆಯವಳು, ಅವಳ ಪಟ್ಟದ ಗೊಂಬೆಗಳು ಚನ್ನಪಟ್ಟಣದವು, ಹೊಸ ಬಣ್ಣದವು ಎಂದು ಬೀದಿಯಲ್ಲಿ ಯಾರೋ ಹೇಳಿದರು. ನಾನು ಕೋರ್ಟಿನ ಮಾತೆತ್ತಿದಾಗಲೆಲ್ಲ ಅಕ್ಕ ಮಗ್ಗದ ಮನೆಗೆ ಎದ್ದು ಹೋಗುತ್ತಿದ್ದಳು. ಬಹುಶಃ ಆ ಮಾತನ್ನು ನಾನು ಎತ್ತುತ್ತಿದ್ದುದೂ ಅವಳು ಎದ್ದು ಹೋಗಲಿ ಎಂದೇ.

ಮರು ವರ್ಷ ದಸರೆಗೆ ಒಂದು ವಾರವಿರುವಾಗ ಕಚೇರಿಯ ಕೆಲಸದ ಮೇಲೆ ಹನೂರಿಗೆ ಹೋಗಿದ್ದೆ. ಬರುವಾಗ ಬಾವಿಯೊಂದರ ಪಕ್ಕ ಬಸ್ಸು ಕೆಟ್ಟು ನಿಂತಿತು. ಮರದಡಿ ಒಂದು ಗೂಡು ಬಿದ್ದಿತ್ತು, ಅರ್ಧವಲ್ಲ, ಪೂರ್ತಿ ನೇಯ್ದದ್ದು. ಟವೆಲ್ಲಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು, ನಲುಗದಂತೆ ತಂದೆ.

ಅಕ್ಕ ನೀರೊಲೆಯ ಮುಂದೆ ಕೂತಿದ್ದಳು. ಗೂಡನ್ನು ಕೈಗೆ ತೆಗೆದುಕೊಂಡಳು, ತಿರುಗಿಸಿದಳು, ಎಂದಿನಂತೆ ಒಳಗೆ ಇಣುಕಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ನನಗೇ ವಾಪಸು ಕೊಟ್ಟಳು.

"ಒಲೆಗಾಕು. ಸೌದೆ ಅಸಿ ಅದೆ, ಒತ್ಕೊತಿಲ್ಲ."

ಹಾಕಿದೆ. ಭಗ್ ಎಂದು ಉರಿದು ಹೋಯಿತು. ಹಂಡೆಯೊಳಗೆ ಕೈ ಅದ್ದಿ ನೋಡಿದೆ. ನೀರು ಇನ್ನೂ ತಣ್ಣಗೇ ಇತ್ತು.